ದೇವರ ಎತ್ತು ಕಾಯುತ್ತಿದ್ದಾತ

ನಮ್ಮೂರ ದೇವರ ಎತ್ತುಗಳನ್ನು ಕಾಯುತ್ತಿದ್ದ ಕಿಲಾರಿ ದಿನವೂ ನಮ್ಮ ಮನೆಯ ಮುಂದಿನಿಂದಲೇ ಅವನ್ನು ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದ. ಆ ಎತ್ತುಗಳನ್ನು ಯಾರೂ ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವನಿಗೆ ಸಂಬಳವೂ ಇಲ್ಲ. ಊರವರು ಕೊಟ್ಟ ಕಾಳಿನಲ್ಲೇ ಆತನ ಮನೆ ನಡೆಯುತ್ತಿತ್ತು. ಏನು ಕೇಳಿದರೂ ಕೋಲನ್ನು ಹೆಗಲ ಹಿಂದೆ ಅಡ್ಡ ಹಾಕಿಕೊಂಡು, "ಎಲ್ಲಾ ದೇವ್ರದು ಕಣವ್ವ, ನಂದೇನೈತೆ?" ಎನ್ನುತ್ತಿದ್ದ.

ಒಂದು ಸಂಜೆ ಎತ್ತುಗಳನ್ನು ಹೆದ್ದಾರಿ ದಾಟಿಸುವಾಗ ಸಿಮೆಂಟ್ ಲಾರಿಯೊಂದು ಆತನ ಎಡಗಾಲಿನ ಮೇಲೆ ಹರಿಯಿತು. ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಪರಿಹಾರದ ಕೇಸು ಹಾಕಿ, ವಿಚಾರಣೆಗೆ ಚಳ್ಳಕೆರೆ ಕೋರ್ಟಿಗೆ ಹೋದಾಗ ನಾನೂ ಜೊತೆಗಿದ್ದೆ.

"ಸಂಬಳ ಎಷ್ಟು ನಿನಗೆ?" ಎಂದರು ವಿಮಾ ಕಂಪನಿಯ ವಕೀಲರು.

"ದೇವ್ರ ಎತ್ತು ಕಾಯಾಕೆ ಸಂಬಳ ತಗಂತಾರೇನ್ ಸ್ವಾಮಿ?"

ಊರವರು ಕೊಡುವ ಕಾಳಿನ ಬಗ್ಗೆ ಹೇಳು ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ. ಅದು ದೇವರ ಪಾಲು, ಕೂಲಿಯಲ್ಲ ಎಂದು ಆತ ಅದರ ಮಾತೇ ಎತ್ತಲಿಲ್ಲ.

"ಹಾಗಾದರೆ ನಿನಗೇನು ನಷ್ಟ? ದೇವರ ಕೆಲಸ, ದೇವರೇ ನೋಡಿಕೊಳ್ಳುತ್ತಾನೆ ಬಿಡು," ಎಂದು ವಕೀಲರು ನಕ್ಕರು. ಹಿಂದಿನ ಬೆಂಚಿನವರೂ ನಕ್ಕರು. ನನ್ನ ಮೈ ಉರಿದುಹೋಯಿತು. ಕಾಲು ಕಳೆದುಕೊಂಡವನ ಎದುರು ನಗುವಂಥದ್ದು ಅಲ್ಲೇನಿತ್ತು?

ಆತ ಊರುಗೋಲನ್ನು ಪಕ್ಕಕ್ಕೆ ಒರಗಿಸಿ, ಎರಡೂ ಕೈಯಲ್ಲಿ ಕಟಕಟೆ ಹಿಡಿದು ನೆಟ್ಟಗೆ ನಿಂತ.

"ಎತ್ತು ದೇವ್ರವು, ಹೌದು. ಲಾರಿ ಯಾರ್ದು ಸ್ವಾಮಿ? ಅವ್ರು ನೋಡ್ಕಳ್ಳಿ."