ಬೀರುವಿನೊಳಗಿನ ವೈಫೈ

ಸ್ನೇಹಿತರೇ, ಇವತ್ತು ಕೊಳ್ಳೇಗಾಲದ ರೇಷ್ಮೆ ನೇಕಾರ ಚೌಡಪ್ಪನವರ ಮನೆಯಿಂದ ವೈಫೈ ಬರುತ್ತಿಲ್ಲವೆಂದು ಕಂಪ್ಲೇಂಟ್ ಬಂತು. ಹೋದ ವಾರ ನಾನೇ ಹಾಕಿಕೊಟ್ಟ ಕನೆಕ್ಷನ್ನು. ಅವರ ಸೊಸೆ ಮಂಗಳಾ ವಿಡಿಯೋ ಕಾಲ್‌ನಲ್ಲಿ ಸೀರೆ ತೋರಿಸಿ ಮಾರುತ್ತಾಳೆ. ಸೆರಗು ಹರವುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತು, ಬೆಳಿಗ್ಗೆಯಿಂದ ಇಬ್ಬರು ಗಿರಾಕಿಗಳು ಕೈಬಿಟ್ಟಿದ್ದರು.

ಹೋಗಿ ನೋಡಿದರೆ ಗೋಡೆಯಲ್ಲಿ ನಾನು ಹೊಡೆದ ಮೊಳೆ ಇತ್ತು, ವೈಫೈ ಡಬ್ಬಿ ಇರಲಿಲ್ಲ.

“ಬೀರೊಳಗೆ ಮಡಗಿ ಬೀಗ ಆಕಿವ್ನಿ ಸಾ,” ಎಂದರು ಚೌಡಪ್ಪ. “ಬೆಲೆ ಬಾಳೋದ್ನೆಲ್ಲ ನಾವು ಅಲ್ಲೇ ಮಡಗೋದು.”

ಕಬ್ಬಿಣದ ಬೀರು. ಹಿಂಬದಿಗೆ ತೂತು ಕೊರೆಸಿ ವೈರು ಕೂಡ ಎಳೆದಿದ್ದರು. ಬೀಗ ತೆಗೆಸಿ ನೋಡಿದರೆ, ಜರಿ ಸೀರೆಗಳ ನಡುವೆ ಡಬ್ಬಿ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು.

ನಾನು ಪಾಠ ಶುರು ಮಾಡಿದೆ. “ಡಬ್ಬಿ, ಫೋನು ಎರಡೂ ಗಾಳೀಲೇ ಮಾತಾಡ್ಕೊತವೆ. ಒಂದು ಮಾತಾಡೋವಾಗ ಇನ್ನೊಂದು ಸುಮ್ನಿರ್ತದೆ. ಕಬ್ಬಿಣ ಅಡ್ಡ ಬಂದ್ರೆ ಕೇಳ್ಸಲ್ಲ, ಹೇಳಿದ್ದನ್ನೇ ಹೇಳ್ತಾ ಕೂರ್ಬೇಕಾಯ್ತದೆ.”

“ಈ ಮನೇಲಿ ನಂಗೂ ಅಂಗೇಯ,” ಎಂದಳು ಮಂಗಳಾ.

ಚೌಡಪ್ಪ ಯೋಚಿಸಿ ಕೇಳಿದರು, “ಮರ ಅಡ್ಡ ಬಂದ್ರೆ?”

“ಮರ ಅಷ್ಟಾಗಿ ತಡೆಯಲ್ಲ,” ಎಂದೆ. ಅದೇ ನಾನು ಮಾಡಿದ ತಪ್ಪು.

ಡಬ್ಬಿಯನ್ನು ಮತ್ತೆ ಮೊಳೆಗೆ ತೂಗುಹಾಕಿದೆ. ಮಂಗಳಾ ಕಾಲ್ ಮಾಡಿ ಸೆರಗನ್ನು ಪೂರ್ತಿ ಹರವಿದಳು, ಒಂದು ಸೀರೆ ಮಾರಾಟವೂ ಆಯಿತು. ಗೆದ್ದೆನೆಂದುಕೊಂಡು ಬ್ಯಾಗು ಎತ್ತಿಕೊಂಡೆ. ಅಷ್ಟರಲ್ಲಿ ಚೌಡಪ್ಪ ಬಡಗಿಗೆ ವಿಡಿಯೋ ಕಾಲ್ ಮಾಡಿ, ಡಬ್ಬಿಯ ಅಳತೆ ತೋರಿಸುತ್ತಿದ್ದರು. “ಇದ್ಕೊಂದು ಮರದ ಪೆಟ್ಗೆ ಮಾಡ್ಕೊಡಪ್ಪ. ಬೀಗ ಗಟ್ಟಿಯಾಗಿರ್ಲಿ.”

ನೆಟ್ ಎಷ್ಟು ಚೆನ್ನಾಗಿತ್ತೆಂದರೆ, ಒಂದು ಮಾತೂ ಕಡಿಯಲಿಲ್ಲ.