ಕುಂತವರಿಗೆ ಪಗಾರ

ಹುಮನಾಬಾದಿನ ಹೊರಗಿನ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ ಹೋದ ಮೇಲೆ ನಾನು ಹುಡಗಿ ಎಂಬ ನಮ್ಮೂರಿನಲ್ಲಿ, ಗಂಡನ ಮನೆಯಲ್ಲೇ ಇದ್ದೆ. ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ಅದೇ ಮನೆಯಲ್ಲಿದ್ದಳು. ಅವಳದು ಹೊಲದ ಕೂಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವಾಗ ಒಂದು ಮಾತು ಒಗೆದೇ ಹೋಗುತ್ತಿದ್ದಳು: "ನೀ ಮಲ್ಕೋ ಅವ್ವಾ. ನಿಂಗ ಕುಂತಲ್ಲೇ ಪಗಾರ ಬರ್ತದ."

ಬರುತ್ತಿರಲಿಲ್ಲ. ವರ್ಷಗಟ್ಟಲೆ ನನ್ನ ಸಂಬಳದಲ್ಲಿ ವಿಮೆಗೆಂದು ಹಿಡಿದಿದ್ದರು. ಕೆಲಸ ಹೋದರೆ ಕೆಲವು ಕಾಲ ಒಂದಿಷ್ಟು ಭತ್ಯೆ ಸಿಗುತ್ತದೆ ಎಂದು ಕೇಳಿದ್ದೆ. ವಿಮೆ ಕಚೇರಿಗೆ ಕೇಳಲು ಹೋದರೆ, ನಾನಾಗಿಯೇ ಬಿಟ್ಟುಹೋದೆ ಎಂದು ಕಾರ್ಖಾನೆಯವರು ತಿಳಿಸಿದ್ದಾರೆ, ಹಾಗೆ ಬಿಟ್ಟವರಿಗೆ ಭತ್ಯೆ ಇಲ್ಲ ಎಂದರು. ಗೇಟಿನೊಳಗೆ ಬಿಡದವರು ಅವರು, ಬಿಟ್ಟುಹೋದವಳು ನಾನಂತೆ!

ಅಷ್ಟರಲ್ಲಿ ಬಸವಕಲ್ಯಾಣದಲ್ಲಿ ಕಾರ್ಮಿಕ ಸಂಘದವರು ಸಭೆ ಕರೆದರು. ಈ ವಿಮೆಯ ನಿಯಮ ಬದಲಾಗಬೇಕು, ಹೇಗೆಂದು ನೀವೇ ಹೇಳಿ, ಮೇಲಿನವರಿಗೆ ಮುಟ್ಟಿಸುತ್ತೇವೆ ಎಂದಿದ್ದರು. ಹೊಲದ ಕೂಲಿಯವರಿಗೂ ಕರೆಯಿತ್ತು. ಹಾಗಾಗಿ ನೆಗೆಣ್ಣಿಯೂ ಬಂದಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಮಾತಾಡಲಿಲ್ಲ.

ಸಭೆಯಲ್ಲಿ ಮೊದಲು ಎದ್ದವಳು ನಾನು. "ಮಾಲಕ ಏನ್ ಹೇಳ್ತಾನಂತ ಕೇಳಬ್ಯಾಡ್ರಿ. ಕೆಲಸ ಕಳಕೊಂಡಾಕಿ ಮಾತು ನಂಬ್ರಿ. ಹೊಸ ಕೆಲಸ ಸಿಗೋತನಕ ಕೊಡ್ರಿ" ಎಂದೆ. ಚಪ್ಪಾಳೆ ಬಿತ್ತು.

ಅದು ನಿಲ್ಲುವ ಮೊದಲೇ ನೆಗೆಣ್ಣಿ ಎದ್ದಳು. "ಕೊಡಬ್ಯಾಡ್ರಿ!" ಅಂದಳು. "ಕುಂತವರಿಗೆ ಕೊಟ್ರ ಯಾರು ದುಡೀತಾರ? ನಮ್ಮ ಮನ್ಯಾಗೇ ಒಬ್ಬಾಕಿ ಕುಂತಾಳ. ಹೊಲಕ್ಕ ಬಾ ಅಂದ್ರ ಬರಂಗಿಲ್ಲ."

ಸಭೆಯೆಲ್ಲ ನನ್ನ ಕಡೆ ತಿರುಗಿತು. ನನ್ನ ಮೈ ಉರಿದುಹೋಯಿತು.

"ಅದು ಭಿಕ್ಷಾ ಅಲ್ಲ ಅಕ್ಕಾ. ನನ್ನ ಪಗಾರದಾಗ ಹಿಡದದ್ದು."

"ನಿನ್ನ ಕೆಲಸ ಒಮ್ಮೆ ಹೋತು, ಊರೆಲ್ಲ ಕೇಳೂಹಂಗ ಅತ್ತಿ. ಮಳಿ ಹತ್ತಿದ್ರ ನನ್ನ ಕೆಲಸ ಇಲ್ಲ. ಸುಗ್ಗಿ ಮುಗದ್ರ ಇಲ್ಲ. ನನಗ ಯಾರು ಕೊಡ್ತಾರ?"

ವೇದಿಕೆಯ ಮೇಲಿದ್ದ ಮುಖಂಡರು ನಡುವೆ ಬಾಯಿ ಹಾಕಿದರು. "ಅದಕ್ಕೇ ನಿಮ್ಮನ್ನೂ ಸೇರಸ್ರಿ ಅಂತ ಕೇಳಾಕತ್ತೇವ್ರಿ. ನೀವು ಕೂಲ್ಯಾಗ ಸ್ವಲ್ಪ ಕಟ್ಟಬೇಕಾಗ್ತದ."

"ನನ್ನ ಕೂಲ್ಯಾಗ ಕೈ ಹಾಕಬ್ಯಾಡ್ರಿ" ಎಂದಳು ಅವಳು. "ಹಿಡಿಯೂ ಮುಂದ ನೆಪ್ಪು ಇರ್ತದ, ಕೊಡೂ ಮುಂದ ಇರಂಗಿಲ್ಲ. ಈಕಿನ್ನೇ ನೋಡ್ರಿ, ಏನ್ ಸಿಕ್ತು?"

ಹೆಂಗಸರು ನಕ್ಕರು. ನಾನು ಕೂಗಿದೆ: "ಕಟ್ಟದವರಿಗೆ ಒಂದು ಪೈಸಾನೂ ಕೊಡಬ್ಯಾಡ್ರಿ!"

ಭತ್ಯೆ ಬೇಕೋ ಬೇಡವೋ ಎಂದು ಕೈ ಎತ್ತಿಸಿದಾಗ ಕಾರ್ಖಾನೆಯ ಕೆಲಸಗಾರರೆಲ್ಲ ಒಂದು ಕಡೆ, ಕೂಲಿಯವರಲ್ಲಿ ಬಹಳ ಮಂದಿ ಇನ್ನೊಂದು ಕಡೆ ಆದರು. ಮುಖಂಡರು ಏನು ಬರೆದುಕೊಂಡರೋ ಗೊತ್ತಿಲ್ಲ. ಮರಳುವ ಬಸ್ಸಿನಲ್ಲಿ ಅವಳು ಮುಂದೆ ಕೂತಳು, ನಾನು ಹಿಂದೆ. ಮನೆಗೆ ಬಂದವಳೇ ಅತ್ತೆಗೆ, "ನನ್ನ ಒಲಿ ಬ್ಯಾರೆ" ಅಂದಳು. ಅತ್ತೆ ಬೈದರು, ಅತ್ತರು. ನಾನು ತಡೆಯಲಿಲ್ಲ. ಪಾತ್ರೆಗಳನ್ನು ಹಂಚಿಕೊಳ್ಳುವಾಗಲೂ ಜಗಳವಾಯಿತು.

ಭತ್ಯೆ ಕೊನೆಗೂ ಬರಲಿಲ್ಲ. ಮಾಣಿಕನಗರದಲ್ಲಿ ಹಪ್ಪಳ ಮಾಡುವ ಕಡೆ ಕೆಲಸ ಸಿಕ್ಕಿತು. ಮಾಲೀಕ ಮೊದಲ ದಿನವೇ ಕೇಳಿದ: "ಬಿಮಾ ಬೇಕಂದ್ರ ಪಗಾರದಾಗ ಹಿಡೀಬೇಕಾಗ್ತದ. ಬ್ಯಾಡಂದ್ರ ಪೂರಾ ಕೈಗೆ. ಏನ್ ಮಾಡ್ಲಿ?"

ಅಕ್ಕಿ ಡಬ್ಬಿ ಖಾಲಿಯಿತ್ತು. ಮಗಳ ಶಾಲೆ ಶುರುವಾಗಿತ್ತು. "ಪೂರಾ ಕೊಡ್ರಿ" ಎಂದೆ.

ಅದೇ ಕೆಲಸಕ್ಕೆ ಬರುವ ನಮ್ಮೂರಿನ ಹೆಂಗಸೊಬ್ಬಳು ಸುದ್ದಿಯನ್ನು ಮನೆಗೆ ಮುಟ್ಟಿಸಿದಳು. ನೆಗೆಣ್ಣಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ನಕ್ಕಳು. ಬಿದ್ದು ಬಿದ್ದು ನಕ್ಕಳು.

"ಕಲ್ಯಾಣದಾಗ ಅಷ್ಟು ಒದರಿದಿ. ಈಗ ಎಲ್ಲಿ ಹೋತು ನಿನ್ನ ಬಿಮಾ?"

"ಮಾಲಕನ ಕಡಿಂದ ಕಟ್ಟಸ್ಲಿ ಸರ್ಕಾರ. ಹಾಂಗಾದ್ರ ಇವತ್ತೂ ಬೇಕು ಅಂತೀನಿ."

"ಅಂತಿರು" ಎಂದು ಮೊರ ಎತ್ತಿಕೊಂಡಳು.

ಆ ನಗುವನ್ನು ನಾನು ಕ್ಷಮಿಸಿಲ್ಲ. ಒಲೆಗಳು ಈಗಲೂ ಎರಡೇ ಇವೆ. ಅತ್ತೆ ಒಂದು ಹೊತ್ತು ಅಲ್ಲಿ, ಒಂದು ಹೊತ್ತು ಇಲ್ಲಿ ಉಣ್ಣುತ್ತಾರೆ.