ನಾಲ್ಕು ಮೂಲೆ ಕೂಡಬೇಕು

ಲಾಂಡ್ರಿ ಮನೆಯ ಸೊಸೆಯನ್ನು ಬೀದಿಯವರೆಲ್ಲ ಬಾಯ್ತುಂಬ ಹೊಗಳುತ್ತಾರೆ. ಅರಳುಮರಳಾದ ಅತ್ತೆಗೆ ಬೆಳಿಗ್ಗೆ ಸಂಜೆ ವ್ಯಾಯಾಮ ಮಾಡಿಸುತ್ತಾಳೆ, ಹೆತ್ತ ಮಗಳೂ ಇಷ್ಟು ಮಾಡಲಾರಳು ಎನ್ನುತ್ತಾರೆ. ಬೀದಿಯವರಿಗೇನು, ಕಿಟಕಿಯಲ್ಲಿ ಕಂಡಷ್ಟು ಗೊತ್ತು. ಅವಳು ಸೇಡು ತೀರಿಸಿಕೊಳ್ಳುತ್ತಿದ್ದಳು. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು ಎಂದು ಎದೆ ತಟ್ಟಿ ಹೇಳಬಲ್ಲೆ.

ಅತ್ತೆಗೆ ಕೆಲಸದವರು ಇಟ್ಟ ಹೆಸರು ಗಂಜಿಯಮ್ಮ. ಕೆಳಗೆ ಅಂಗಡಿ, ಮೇಲೆ ಮನೆ. ಲಾಡ್ಜು, ಆಸ್ಪತ್ರೆಗಳ ಹಾಸುಬಟ್ಟೆ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಡುವುದು ಅವರ ಕಸುಬು. ಬಟ್ಟೆಗಿಂತ ಯಜಮಾನಿಯ ಕತ್ತಿಗೇ ಗಂಜಿ ಜಾಸ್ತಿ ಹತ್ತಿದೆ ಎಂದು ಕೆಲಸದವರು ಬೆನ್ನ ಹಿಂದೆ ನಗುತ್ತಿದ್ದರು. ಹಾಸುಬಟ್ಟೆ ಮಡಚುವುದಕ್ಕೆ ಇಬ್ಬರು ಬೇಕು. ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು, ಕೈ ಮೇಲೆತ್ತಿ ಕೊಡವಿ, ಬಿಗಿಯಾಗಿ ಎಳೆದು, ಮುಂದೆ ನಡೆದು ಬಂದು ಮೂಲೆಗೆ ಮೂಲೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಮತ್ತೆ ಹಿಂದೆ ಸರಿಯಬೇಕು. ನಾಲ್ಕು ಮೂಲೆ ಕೂಡಬೇಕು ಎನ್ನುವುದು ಗಂಜಿಯಮ್ಮನ ವೇದವಾಕ್ಯ. ಒಂದು ಮೂಲೆ ಬೆರಳಷ್ಟು ಆಚೀಚೆಯಾದರೂ ಬಟ್ಟೆಯನ್ನು ಝಾಡಿಸಿ ಬಿಚ್ಚಿ, ಸರಿಯಾಗಿಲ್ಲ, ಮತ್ತೆ ಮಡಚು ಎನ್ನುತ್ತಿದ್ದಳು. ಕೂಡಿದಾಗ ಕೂಡಿದೆ ಎಂದು ಮಾತ್ರ ಆ ಬಾಯಿ ಒಮ್ಮೆಯೂ ಹೇಳಿದ್ದಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಅಂಗಡಿಗೆ ಫೋನು ಬಂತು. ಸೊಸೆಯ ಅಣ್ಣ. ಅಮ್ಮನಿಗೆ ಉಸಿರು ಎಳೀತಿದೆ, ನಿನ್ನನ್ನೇ ಕೇಳ್ತಿದ್ದಾಳೆ, ಬೇಗ ಹೊರಡು ಎಂದ. ಅವತ್ತು ಸಂಜೆಯೊಳಗೆ ಲಾಡ್ಜಿನ ಬಟ್ಟೆ ಹೋಗಬೇಕಿತ್ತು. ಸೊಸೆ ಅತ್ತೆಯ ಎದುರು ನಿಂತು ಕೇಳಿದಳು. ಗಂಜಿಯಮ್ಮ ತಲೆ ಎತ್ತಲೂ ಇಲ್ಲ.

"ಮೊದಲು ಇದನ್ನ ಮಡಚು. ಆಮೇಲೆ ಹೋಗು."

ಅಳುತ್ತ ಮಡಚಿದವಳ ಮೂಲೆ ಹೇಗೆ ಕೂಡೀತು? ಇಡೀ ರಾಶಿಯನ್ನು ಬಿಚ್ಚಿಸಿ ಮತ್ತೆ ಮಡಚಿಸಿದಳು ಪುಣ್ಯಾತ್ಗಿತ್ತಿ. ಸೊಸೆ ಬಸ್ ಸ್ಟಾಪಿಗೆ ಓಡುವ ಹೊತ್ತಿಗೆ ಕೊನೆಯ ಬಸ್ಸು ತಿರುವು ದಾಟಿತ್ತು. ಮರುದಿನ ತವರು ಮುಟ್ಟಿದಾಗ ಅಮ್ಮನ ಮುಖಕ್ಕೆ ಬಟ್ಟೆ ಹೊದಿಸಿಯಾಗಿತ್ತು. ಆಮೇಲೆ ಇಪ್ಪತ್ತು ವರ್ಷ ಗಂಜಿಯಮ್ಮ ಆ ಮಾತೆತ್ತಲಿಲ್ಲ. ಸೊಸೆ ಹಲ್ಲು ಕಚ್ಚಿಕೊಂಡು ಕಾದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ತಪ್ಪಾಯಿತು ಎಂಬ ಒಂದು ಮಾತು, ಆ ಬಾಯಿಂದಲೇ.

ಅಷ್ಟರಲ್ಲಿ ಗಂಜಿಯಮ್ಮನಿಗೆ ಮರೆವು ಶುರುವಾಯಿತು. ಮೊದಲು ಗಿರಾಕಿಗಳು ಮರೆತುಹೋದರು, ಆಮೇಲೆ ಬೀಗದ ಕೈ, ಆಮೇಲೆ ಮಗ. ಎಲ್ಲರೂ ಮರುಗಿದರು. ಸೊಸೆಗೆ ಹೊಟ್ಟೆ ಉರಿಯಿತು. ಮಾಡಿದ್ದನ್ನು ಮಾಡಿ ಈಗ ಮರೆತು ತಪ್ಪಿಸಿಕೊಳ್ಳುತ್ತಿದ್ದಾಳಲ್ಲ ಎಂದು. ಡಾಕ್ಟರು ಇವರನ್ನು ಕೂರಿಸಬೇಡಿ, ಮೈ ಆಡಿಸಿ, ಇಲ್ಲದಿದ್ದರೆ ಹಾಸಿಗೆ ಹಿಡಿಯುತ್ತಾರೆ ಎಂದರು. ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ಬಂದಳು. ಅಜ್ಜಿ, ಕೈ ಎತ್ತಿ ಎಂದರೆ ಗಂಜಿಯಮ್ಮ ಅವಳನ್ನು ದುರುಗುಟ್ಟಿ ನೋಡಿ, ಸಂಬಳ ಯಾರು ಕೊಡ್ತಾರೆ ನಿಂಗೆ ಎಂದು ಕೇಳಿದಳು. ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ತಲೆ ಮರೆತರೂ ಕೈಕಾಲು ಮರೆಯೋಲ್ಲ, ಇವರಿಗೆ ರೂಢಿಯಿದ್ದ ಕೆಲಸ ಯಾವುದಾದರೂ ಇದೆಯಾ ಎಂದು ವಿಚಾರಿಸಿದಳು.

ಸೊಸೆ ಒಳಗಿನಿಂದ ಒಂದು ಜೋಡಿ ಹಾಸುಬಟ್ಟೆ ತಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಮೂಲೆ ಕೈಗೆ ಸಿಕ್ಕಿದ್ದೇ ತಡ, ಮುದುಕಿಯ ತೋಳುಗಳು ತಾವಾಗಿ ಮೇಲೆದ್ದವು. ಕೊಡವಿದಳು, ಎಳೆದಳು, ನಡೆದು ಬಂದಳು, ಬಗ್ಗಿದಳು. ಹುಡುಗಿ ಚಪ್ಪಾಳೆ ತಟ್ಟಿ ಹೋದಳು. ಆಮೇಲೆ ಸೊಸೆ ಮಡಚಿದ್ದನ್ನು ಝಾಡಿಸಿ ಬಿಚ್ಚಿ, ಸರಿಯಾಗಿಲ್ಲ ಅತ್ತೆ, ಮತ್ತೆ ಮಡಚಿ ಎಂದಳು. ಆಹಾ, ಹೇಳಿದ ನಾಲಿಗೆಗೆ ಎಂಥ ತಂಪು! ದಿನಾ ಅದೇ ಆಯಿತು. ಏದುಸಿರು ಬಂದರೆ ಕುರ್ಚಿ ಕೊಡುತ್ತಿದ್ದಳು, ನೀರು ಕೊಡುತ್ತಿದ್ದಳು, ಮತ್ತೆ ಬಿಚ್ಚುತ್ತಿದ್ದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡಿ. ಸೇಡಿನಿಂದ ಮುದುಕಿ ಗಟ್ಟಿಯಾಗುತ್ತ ಹೋದಳು. ಗೋಡೆ ಹಿಡಿದು ನಡೆಯುತ್ತಿದ್ದವಳು ಗೋಡೆ ಬಿಟ್ಟಳು, ರಾತ್ರಿ ನಿದ್ದೆ ಮಾಡಿದಳು, ಮೆಟ್ಟಿಲು ಇಳಿದಳು. ಗಂಡ ಕಣ್ಣಲ್ಲಿ ನೀರು ತಂದುಕೊಂಡು ನಿನ್ನ ಋಣ ತೀರಿಸಲಾರೆ ಎಂದ. ಸೊಸೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಂದು ದಿನ ತಡೆಯಲಾರದೆ, ಬಟ್ಟೆಯ ಆಚೆ ತುದಿಯಲ್ಲಿದ್ದವಳನ್ನು ನೇರವಾಗಿ ಕೇಳಿದಳು, ಅವತ್ತು ಅಮ್ಮ ಸಾಯ್ತಿದ್ದಾಗ ಯಾಕೆ ನನ್ನ ಬಿಡಲಿಲ್ಲ ಎಂದು. ಯಾರಮ್ಮ, ಎಂದಳು ಗಂಜಿಯಮ್ಮ. ನಿಜವಾಗಿಯೂ ಗೊತ್ತಿರಲಿಲ್ಲ ಅವಳಿಗೆ. ಅವತ್ತು ಸೊಸೆ ಮಡಚಿದ್ದನ್ನು ಎಂದಿಗಿಂತ ಹೆಚ್ಚು ಸಲ ಬಿಚ್ಚಿದಳು.

ಅದೇ ವಾರ, ಒಂದು ಮಧ್ಯಾಹ್ನ, ಮಡಚುತ್ತಿದ್ದ ಮುದುಕಿ ತಟ್ಟನೆ ನಿಂತಳು. ಮುಖ ಸಣ್ಣದಾಗಿತ್ತು. ಸೊಸೆಯನ್ನು ಹೊಸಬರನ್ನು ನೋಡುವ ಹಾಗೆ ನೋಡಿ, ತಲೆ ತಗ್ಗಿಸಿದಳು.

"ಅಮ್ಮಾವ್ರೇ, ನಮ್ಮಮ್ಮಂಗೆ ತುಂಬ ಹುಷಾರಿಲ್ವಂತೆ. ಇವತ್ತು ಸ್ವಲ್ಪ ಬೇಗ ಬಿಡ್ತೀರಾ?"

ಅವಳ ಅಮ್ಮ ತೀರಿಕೊಂಡು ಐವತ್ತು ವರ್ಷವಾಗಿತ್ತು. ಅತ್ತೆ ಯಾರ ಅಂಗಡಿಯಲ್ಲಿ, ಯಾವ ಯಜಮಾನಿಯ ಎದುರು ಹೀಗೆ ನಿಂತಿದ್ದಳೋ ಸೊಸೆಗೆ ಗೊತ್ತಿಲ್ಲ. ಯೋಚಿಸಲೂ ಇಲ್ಲ. ಇಪ್ಪತ್ತು ವರ್ಷ ಬಾಯಲ್ಲಿ ಕಾದಿದ್ದ ಮಾತು ತಾನಾಗಿ ಹೊರಬಿತ್ತು.

"ಮೊದಲು ಇದನ್ನ ಮಡಚಿ. ಆಮೇಲೆ ಹೋಗಿ."

ಮುದುಕಿ ಮೂಗು ಒರೆಸಿಕೊಂಡು ಮಡಚಿದಳು. ಮುಗಿದದ್ದೇ ಮರೆತಳು, ಮತ್ತೆ ಅದೇ ಮುಖ ಮಾಡಿ ಅದನ್ನೇ ಕೇಳಿದಳು. ಸೊಸೆ ಮತ್ತೆ ಅದನ್ನೇ ಹೇಳಿದಳು. ಮೊದಲ ಸಲ ಸಕ್ಕರೆಯಂತಿದ್ದ ಮಾತು ಆಮೇಲಾಮೇಲೆ ಕಹಿಯಾಗತೊಡಗಿತು. ಕೊನೆಗೆ ಅವಳಿಗೆ ರೇಗಿಹೋಯಿತು, ತನ್ನ ಮೇಲೋ ಅತ್ತೆಯ ಮೇಲೋ. ಹೋಗಿ, ಹಾಳಾಗಿ ಹೋಗಿ ಎಂದಳು.

ಗಂಜಿಯಮ್ಮ ಹೊರಟೇಬಿಟ್ಟಳು. ಮಡಚಿದ ಹಾಸುಬಟ್ಟೆಯನ್ನು ಎದೆಗವಚಿಕೊಂಡು ಸರಸರನೆ ಮೆಟ್ಟಿಲಿಳಿದು ಬೀದಿಗೆ ಬಿದ್ದಳು. ಆ ಕಾಲುಗಳಿಗೆ ಬಲ ಕೊಟ್ಟವಳು ಚಪ್ಪಲಿ ಮೆಟ್ಟದೆ ಹಿಂದೆ ಓಡಿದಳು. ಮುದುಕಿ ನಿಂತದ್ದು ಬಸ್ ಸ್ಟಾಪಿನಲ್ಲಿ. ಬಸ್ಸು ಆಗಷ್ಟೇ ಹೊರಟಿತ್ತು. ಅದು ತಿರುವು ದಾಟುವುದನ್ನು ಇಬ್ಬರೂ ನೋಡಿದರು. ಗಂಜಿಯಮ್ಮ ಕಲ್ಲು ಬೆಂಚಿನ ಮೇಲೆ ಕುಸಿದು, ಪಕ್ಕ ಬಂದು ಕೂತವಳು ಯಾರೋ ಪ್ರಯಾಣಿಕಳೆಂದುಕೊಂಡು ದುಃಖ ತೋಡಿಕೊಂಡಳು.

"ಆ ಅಂಗಡಿಯಮ್ಮ ಬಿಡಲೇ ಇಲ್ಲ ಕಣಮ್ಮ. ನಮ್ಮಮ್ಮ ಕಾಯ್ತಿದಾಳೆ ಅಂದ್ರೂ ಬಿಡಲಿಲ್ಲ. ಕೆಟ್ಟ ಹೆಂಗಸು. ಅವಳಿಗೆ ಒಳ್ಳೇದಾಗಲ್ಲ."

ಬಿಡದೆ ಇದ್ದದ್ದು ತಪ್ಪು ಎಂದು ಇಪ್ಪತ್ತು ವರ್ಷ ಆ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು ಕೊನೆಗೂ ಬಂದಿತ್ತು. ಬೈದದ್ದು ಮಾತ್ರ ಸೊಸೆಯನ್ನು. ಕ್ಷಮಿಸಿದಳೇ ಎಂದು ಕೇಳಬೇಡಿ, ಕ್ಷಮಿಸಲಿಲ್ಲ.

ಮುದುಕಿ ಮಡಿಲಲ್ಲಿದ್ದ ಹಾಸುಬಟ್ಟೆಯನ್ನು ಅವಳ ಮುಂದೆ ಹಿಡಿದು, ನೀನೇ ನೋಡು, ನಾಲ್ಕೂ ಮೂಲೆ ಕೂಡಿದೆ ತಾನೆ ಎಂದು ಕೇಳಿದಳು.

ಸೊಸೆ ನೋಡಿದಳು. ಒಂದು ಮೂಲೆ ಬೆರಳಷ್ಟು ಈಚೆಗಿತ್ತು.

"ಕೂಡಿದೆ," ಎಂದಳು.